ಒಂದು ಪ್ರಾಜೆಕ್ಟಿನ ದುಡ್ಡಲ್ಲಿ ಇನ್ನೊಂದರ ಸಂಬಳ ಕೊಡಬಹುದಾ? ಸಂಸ್ಥೆಗಳ ಲೆಕ್ಕ ನೋಡೋರು ದಯವಿಟ್ಟು ಹೇಳಿ

ಲೆಕ್ಕದಮನೆ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ನಾನು ಒಂದು ಸಣ್ಣ ಸಂಸ್ಥೆಲಿ ಅಕೌಂಟ್ಸ್ ನೋಡ್ಕೋತೀನಿ, ಹದಿನೆಂಟು ಜನ ಸ್ಟಾಫ್, ಮೂರು ಪ್ರಾಜೆಕ್ಟ್, ಮೂರಕ್ಕೂ ಬೇರೆ ಬೇರೆ ದಾನಿಗಳು. ಕುಡಿಯೋ ನೀರಿಂದು ಒಂದು, ಮಕ್ಕಳ ಓದಿಂದು ಒಂದು, ಹೆಣ್ಮಕ್ಕಳ ಆರೋಗ್ಯದ್ದು ಒಂದು. ಓದಿನ ಪ್ರಾಜೆಕ್ಟಿನ ಎರಡನೇ ಕಂತು ಎರಡು ತಿಂಗಳ ಹಿಂದೆನೇ ಬರಬೇಕಿತ್ತು, ಇನ್ನೂ ಬಂದಿಲ್ಲ, ಅದರಲ್ಲಿ ಕೆಲಸ ಮಾಡೋ ಏಳು ಜನಕ್ಕೆ ಈ ತಿಂಗಳ ಸಂಬಳಕ್ಕೆ ದುಡ್ಡಿಲ್ಲ. ನೀರಿನ ದುಡ್ಡು ಮಾತ್ರ ಬ್ಯಾಂಕಲ್ಲಿ ಹಾಗೇ ಇದೆ ಯಾಕಂದ್ರೆ ಪೈಪ್ ಹಾಕೋ ಕೆಲಸ ಮಳೆ ನಿಂತ ಮೇಲೇ ಶುರು. ನಿನ್ನೆ ಡೈರೆಕ್ಟರ್ ಸರ್ ಕರೆದು "ನೀರಿನ ದುಡ್ಡಲ್ಲಿ ಸಂಬಳ ಹಾಕ್ಬಿಡಮ್ಮ, ಕಂತು ಬಂದ ದಿನವೇ ವಾಪಸ್ ಹಾಕೋಣ" ಅಂದ್ರು.

ಅವರು ಕಳ್ಳರಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ತಮ್ಮ ಸಂಬಳನ ಮೂರು ತಿಂಗಳಿಂದ ತಗೊಂಡಿಲ್ಲ. ಆದ್ರೂ ನಾನು ವೋಚರ್, ಅಂದ್ರೆ ದುಡ್ಡು ಕೊಡೋಕೆ ಬರೆಯೋ ಲೆಕ್ಕದ ಚೀಟಿ, ಬರೆಯೋಕೆ ಕೂತೆ, ದಿನಾಂಕ ಬರೆದೆ, ಮೊತ್ತ ಬರೆದೆ, "ವಿವರ" ಅಂತ ಇರೋ ಜಾಗಕ್ಕೆ ಬಂದು ಪೆನ್ನು ನಿಂತೋಯ್ತು. ಏನಂತ ಬರೀಲಿ? ಸಂಬಳ ಅಂತ ಬರೆದ್ರೆ ನೀರಿನ ಬಜೆಟ್ಟಲ್ಲಿ ಅವರ ಹೆಸರೇ ಇಲ್ಲ. ವೋಚರ್ ಇನ್ನೂ ಟೇಬಲ್ ಮೇಲೇ ಇದೆ. ಸಂಬಳದ ದಿನಕ್ಕೆ ನಾಲ್ಕು ದಿನ ಇದೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?

ಹಳೇಖಜಾಂಚಿ:
ಬರೀಬೇಡಿ ತಂಗಿ, ಆ ಪೆನ್ನು ನಿಂತಿದ್ದೇ ಒಳ್ಳೇದಾಯ್ತು. ನೀರಿಗೆ ಅಂತ ಬಂದ ದುಡ್ಡು ನಿಮ್ಮ ಬ್ಯಾಂಕ್ ಅಕೌಂಟಲ್ಲಿದ್ರೂ ನಿಮ್ದಲ್ಲ, ಅದು ಇಟ್ಕೊಂಡಿರಿ ಅಂತ ಕೊಟ್ಟಿದ್ದು. ದಾನಿ ಯಾವ ಉದ್ದೇಶಕ್ಕೆ ಅಂತ ಕಟ್ಟು ಹಾಕಿ ಕೊಟ್ಟಿದಾನೋ ಆ ಕೆಲಸ ಆಗೋವರೆಗೂ ಅದು ನಿರ್ಬಂಧಿತ ನಿಧಿ. ಆ ಕಟ್ಟನ್ನ ಬಿಚ್ಚೋ ಅಧಿಕಾರ ಕೊಟ್ಟವರಿಗೆ ಮಾತ್ರ ಇರೋದು, ಡೈರೆಕ್ಟರಿಗೂ ಇಲ್ಲ ಖಜಾಂಚಿಗೂ ಇಲ್ಲ, ಆಡಳಿತ ಮಂಡಳಿ ಇಡೀ ಸೇರಿ ಠರಾವು ಮಾಡಿದ್ರೂ ಇಲ್ಲ.

ನಾನು ಹನ್ನೊಂದು ವರ್ಷ ಒಂದು ಸಂಸ್ಥೆಗೆ ಖಜಾಂಚಿ ಆಗಿದ್ದೆ. ಇದೇ ಮಾತಿಗೆ ಒಪ್ಪಿ ಸಹಿ ಹಾಕಿದೋನು ನಾನು. ಒಂದು ತಿಂಗಳಿಗೆ ಅಂತ ತಗೊಂಡ್ವಿ. ಆ ಕಂತು ಬರಲೇ ಇಲ್ಲ, ದಾನಿ ಆ ಕಾರ್ಯಕ್ರಮನೇ ನಿಲ್ಲಿಸಿಬಿಟ್ರು. ಅಷ್ಟರಲ್ಲಿ ಈ ಕಡೆ ಕೆಲಸ ಶುರು ಮಾಡೋ ಟೈಮ್ ಬಂತು, ದುಡ್ಡಿಲ್ಲ, ಅದಕ್ಕೆ ಮೂರನೇ ಫಂಡಿಂದ ತೆಗೆದ್ವಿ. ಹಳ್ಳ ಮುಚ್ಚೋಕೆ ಪಕ್ಕದಲ್ಲೇ ಇನ್ನೊಂದು ಹಳ್ಳ ತೋಡಿದಂಗೆ. ಎರಡು ವರ್ಷ ಆದ್ಮೇಲೆ ಯಾವ ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಮಗೇ ಗೊತ್ತಿರ್ಲಿಲ್ಲ. ಒಬ್ಬರೂ ಒಂದು ಕಾಸು ತಿಂದಿರ್ಲಿಲ್ಲ, ಆದ್ರೂ ಸಂಸ್ಥೆ ಮುಚ್ಚಿಹೋಯ್ತು.

ಫೀಲ್ಡ್‌ನವಳು:
ಅಣ್ಣ ನೀವು ಹೇಳೋದು ಸರಿ ಇರಬಹುದು ಆದ್ರೆ ನಾನು ಆ ಏಳು ಜನರ ಜಾಗದಲ್ಲಿ ನಿಂತು ಕೇಳ್ತೀನಿ. ನಾನೂ ಎರಡು ತಿಂಗಳು ಸಂಬಳ ಇಲ್ದೆ ಕೆಲಸ ಮಾಡಿದೀನಿ, ಮನೆ ಬಾಡಿಗೆಯವರ ಹತ್ರ ನಿರ್ಬಂಧಿತ ನಿಧಿ ಅಂತ ಹೇಳೋಕಾಗಲ್ಲ. ದಾನಿಗಳು ಅವರಿಗೆ ಬೇಕಾದಾಗ ಕೊಡ್ತಾರೆ, ನಾವು ಮಾತ್ರ ಪ್ರತಿ ಕಾಸಿಗೂ ತಾರೀಕು ಹೇಳ್ಬೇಕು. ಬ್ಯಾಂಕಲ್ಲಿ ದುಡ್ಡು ಸುಮ್ನೆ ಕೂತಿರುವಾಗ ಕೆಲಸ ಮಾಡಿದವರು ಕೈ ಚಾಚಿ ನಿಲ್ಲೋದು ಯಾವ ನ್ಯಾಯ ಹೇಳಿ.

ಆಡಿಟ್‌ಬ್ಯಾಗ್:
ಮೇಡಂ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ಸಂಬಳ ಕೊಡ್ಬೇಕಾ ಬೇಡ್ವಾ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ, ಯಾರನ್ನೂ ಕೇಳದೆ ತೆಗೆದು ಅದಕ್ಕೆ "ಸಾಲ" ಅಂತ ಹೆಸರಿಡೋದು ಪ್ರಶ್ನೆ. ನಾನು ಹದಿನಾಲ್ಕು ವರ್ಷದಿಂದ ಸಂಸ್ಥೆಗಳ ಆಡಿಟ್ ಮಾಡ್ತಿದೀನಿ, ಕೆಟ್ಟ ಸುದ್ದಿ ಶುರುವಾಗೋದು ಹೆಚ್ಚು ಕಡಿಮೆ ಯಾವಾಗಲೂ ಇದೇ ಮಾತಿಂದ.

ಡೊನಾಲ್ಡ್ ಕ್ರೆಸಿ ಅಂತ ಅಮೆರಿಕದ ಒಬ್ಬ ಅಪರಾಧಶಾಸ್ತ್ರಜ್ಞ ಇದ್ರು, ನಂಬಿ ಕೊಟ್ಟ ದುಡ್ಡನ್ನ ದುರುಪಯೋಗ ಮಾಡಿ ಜೈಲಿಗೆ ಹೋದವರ ಜೊತೆ ಕೂತು ಮಾತಾಡಿ 1953ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದ್ರು. ಅವರಿಗೆ ಕಂಡಿದ್ದು ಮೂರು ವಿಷಯ. ಯಾರ ಹತ್ರನೂ ಹೇಳ್ಕೊಳ್ಳೋಕಾಗದ ದುಡ್ಡಿನ ತಾಪತ್ರಯ, ಕೈಗೆ ಎಟುಕೋ ಅವಕಾಶ, ಮತ್ತೆ ಮನಸ್ಸಿಗೆ ಸಮಾಧಾನ ಹೇಳ್ಕೊಳ್ಳೋ ಒಂದು ಮಾತು. ಆ ಮಾತು ಬಹಳ ಜನರ ಬಾಯಲ್ಲಿ ಏನಾಗಿತ್ತು ಗೊತ್ತಾ, "ನಾನು ಕದೀತಿಲ್ಲ, ಸಾಲ ತಗೋತಿದೀನಿ ಅಷ್ಟೇ". ಇವತ್ತಿಗೂ ಆಡಿಟ್ ಕಲಿಯೋರಿಗೆಲ್ಲ ಈ ಮೂರನ್ನ ತ್ರಿಕೋನ ಬರೆದು ಕಲಿಸ್ತಾರೆ. ನಿಮ್ಮ ಡೈರೆಕ್ಟರ್ ಕಳ್ಳರು ಅಂತ ನಾನು ಹೇಳ್ತಿಲ್ಲ, ಖಂಡಿತ ಅಲ್ಲ. ಆದ್ರೆ ಒಳ್ಳೇ ಮನುಷ್ಯನೂ ಕೆಟ್ಟ ಮನುಷ್ಯನೂ ಹೊರಡೋ ಬಾಗಿಲು ಒಂದೇ ಇರುತ್ತೆ, ಒಳ್ಳೆಯವರಿಗಾಗಿ ಅದನ್ನ ತೆರೆದಿಟ್ರೆ ಆಮೇಲೆ ಬರೋನು ಯಾರು ಅಂತ ನಮ್ಮ ಕೈಲಿರಲ್ಲ.

ಈಗ ಕೆಲಸದ ಮಾತು. ಲೆಕ್ಕದಮನೆ ಅವರೇ, ಇವತ್ತು ರಾತ್ರಿನೇ ಒಂದು ಹಾಳೆ ತಗೊಳ್ಳಿ. ಮೂರೂ ಪ್ರಾಜೆಕ್ಟಿಗೆ ಒಂದೊಂದು ಸಾಲು ಹಾಕಿ, ಶುರುವಿಂದ ಎಷ್ಟು ಬಂತು, ನಿಜವಾಗಿ ಅದೇ ಕೆಲಸಕ್ಕೆ ಎಷ್ಟು ಖರ್ಚಾಯ್ತು, ಎಷ್ಟು ಉಳೀಬೇಕು. ಮೂರರ ಉಳಿಕೆ ಕೂಡಿ. ಆ ಮೊತ್ತ ಬ್ಯಾಂಕಲ್ಲೂ ನಗದಲ್ಲೂ ಇರೋದಕ್ಕಿಂತ ಜಾಸ್ತಿ ಬಂದ್ರೆ ನಿಮ್ಮ ಸಂಸ್ಥೆ ಆಗಲೇ ಬೇರೆಯವರ ದುಡ್ಡು ಮುಟ್ಟಿದೆ ಅಂತ ಅರ್ಥ. ಬಹಳ ಸಂಸ್ಥೆಗಳು ಈ ಹಾಳೆನ ಒಂದ್ಸಲಾನೂ ಬರೆದಿರಲ್ಲ. ವರ್ಷದ ಕೊನೆಯ ಆದಾಯ ಖರ್ಚಿನ ಪಟ್ಟಿ ನೋಡಿ ಉಳಿತಾಯ ಇದೆ ಅಂತ ಖುಷಿಪಡ್ತಾರೆ, ಆ ಉಳಿತಾಯ ಪೂರ್ತಿ ಕಟ್ಟು ಹಾಕಿದ ದುಡ್ಡೇ ಆಗಿರುತ್ತೆ.

ಕೊಡುವಕೈ:
ನಾನು ಎದುರು ಕಡೆ ಇರೋಳು, ಒಂದು ಪ್ರತಿಷ್ಠಾನದಲ್ಲಿ ಸಂಸ್ಥೆಗಳಿಗೆ ನೆರವು ಮಂಜೂರು ಮಾಡೋ ವಿಭಾಗದಲ್ಲಿದೀನಿ. ಮೊದಲು ಒಪ್ಕೋತೀನಿ, ಕಂತು ತಡ ಮಾಡೋದ್ರಲ್ಲಿ ನಮ್ಮ ತಪ್ಪೂ ಇರುತ್ತೆ, ಒಳಗಡೆ ನಾಲ್ಕು ಜನರ ಸಹಿ ಆಗ್ಬೇಕು, ಒಬ್ರು ರಜೆ ಹಾಕಿದ್ರೆ ಮೂರು ವಾರ ಹೋಯ್ತು, ಆ ಮೂರು ವಾರ ಅಲ್ಲಿ ಯಾರ ಮನೆ ಮೇಲೆ ಬೀಳುತ್ತೆ ಅಂತ ನಮ್ಮಲ್ಲಿ ಯೋಚಿಸೋರು ಕಡಿಮೆ.

ಆದ್ರೆ ಒಂದು ಮಾತು ನಂಬಿ. "ಇಂಥ ತೊಂದರೆ ಆಗಿದೆ, ಒಂದು ತಿಂಗಳ ಮಟ್ಟಿಗೆ ಈ ದುಡ್ಡನ್ನ ಬಳಸ್ಬಹುದಾ" ಅಂತ ಮೊದಲೇ ಪತ್ರ ಬಂದ್ರೆ ನಾವು ಹೂಂ ಅಂದಿದ್ದೇ ಹೆಚ್ಚು. ಆಮೇಲೆ ಆಡಿಟಲ್ಲಿ ಸಿಕ್ಕಿಬಿದ್ರೆ ಮಾತ್ರ ಕ್ಷಮಿಸೋದು ಕಷ್ಟ, ಮೊತ್ತ ಸಣ್ಣದಾದ್ರೂ ಕಷ್ಟ, ಯಾಕಂದ್ರೆ ಅಲ್ಲಿಂದ ಮುಂದೆ ನೀವು ಕಳಿಸೋ ಪ್ರತಿ ರಿಪೋರ್ಟನ್ನೂ ಅನುಮಾನದಿಂದ ಓದ್ತೀವಿ. ದೊಡ್ಡೋರೂ ಇದ್ರಲ್ಲಿ ಎಡವಿದಾರೆ. 2001 ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ಅಮೆರಿಕನ್ ರೆಡ್ ಕ್ರಾಸ್ ಲಿಬರ್ಟಿ ಫಂಡ್ ಅಂತ ಶುರು ಮಾಡ್ತು, ಜನ ಧಾರಾಳವಾಗಿ ಕೊಟ್ರು. ಅದರಲ್ಲಿ ಒಂದು ಪಾಲನ್ನ ಮುಂದೆ ಬರಬಹುದಾದ ಅಗತ್ಯಗಳಿಗೆ ಎತ್ತಿಡ್ತೀವಿ ಅಂತ ಗೊತ್ತಾದಾಗ ಎದ್ದ ಸಿಟ್ಟು ಸಣ್ಣದಲ್ಲ. ಆ ಗಲಾಟೆ ನಡುವೆನೇ ಅಧ್ಯಕ್ಷೆ ಹುದ್ದೆ ಬಿಟ್ರು, ಕೊನೆಗೆ ನವೆಂಬರಲ್ಲಿ ಪೂರ್ತಿ ದುಡ್ಡು ದಾಳಿಗೆ ಸಿಕ್ಕಿದವರಿಗೇ ಅಂತ ಸಂಸ್ಥೆ ಘೋಷಿಸ್ತು. ಅಲ್ಲಿ ಯಾರೂ ಜೇಬಿಗೆ ಹಾಕ್ಕೊಂಡಿರ್ಲಿಲ್ಲ. ನಾನು ಕೊಟ್ಟಿದ್ದು ಇದಕ್ಕಲ್ಲ ಅಂತ ಕೊಟ್ಟವರಿಗೆ ಅನ್ನಿಸ್ತು, ಅಷ್ಟಕ್ಕೇ ಅಷ್ಟೆಲ್ಲ ಆಯ್ತು.

ಇನ್ನೊಂದು ಕೇಳ್ಬೇಕಿತ್ತು, ನಿಮ್ಮ ಕಂತು ನಿಂತಿರೋದು ಯಾಕೆ? ನಮ್ಮಲ್ಲಂತೂ ಹೆಚ್ಚಿನವು ನಿಲ್ಲೋದು ಹಿಂದಿನ ಕಂತಿನ ಖರ್ಚಿನ ರಿಪೋರ್ಟ್ ಬಂದಿಲ್ಲ ಅಂತ.

ಲೆಕ್ಕದಮನೆ:
ನಿಜ ಹೇಳ್ಬೇಕಂದ್ರೆ ನಮ್ದೂ ಅದೇ. ರಿಪೋರ್ಟ್ ನಲವತ್ತು ದಿನ ತಡವಾಗಿ ಕಳಿಸಿದೀವಿ. ಫೀಲ್ಡಿಗೆ ಕೊಟ್ಟ ಅಡ್ವಾನ್ಸಿಗೆ ಬಿಲ್ ಬರ್ಲಿಲ್ಲ ಅಂತ ಕಾಯ್ತಾ ಕೂತೆ. ಒಬ್ಬರದಂತೂ ಐದು ತಿಂಗಳ ಅಡ್ವಾನ್ಸ್ ಹಾಗೇ ನಿಂತಿದೆ, ಅದು ಇತ್ಯರ್ಥ ಆಗೋ ಮುಂಚೆನೇ ಮತ್ತೆ ಎರಡು ಸಲ ಕೊಟ್ಟಿದೀವಿ. ಕೇಳೋಕೂ ಮುಜುಗರ, ಅವರು ಸಂಸ್ಥೆ ಶುರುವಾದಾಗಿನಿಂದ ಇರೋರು, ನಾನು ಮೊನ್ನೆ ಬಂದೋಳು.

ಹಳೇಖಜಾಂಚಿ:
ಹಾಗಾದ್ರೆ ಬೇರು ಅಲ್ಲಿದೆ ನೋಡಿ. ಹಳೇ ಅಡ್ವಾನ್ಸ್ ಇತ್ಯರ್ಥ ಆಗದೆ ಹೊಸದು ಕೊಡಲ್ಲ ಅನ್ನೋ ಒಂದೇ ನಿಯಮ, ಡೈರೆಕ್ಟರಿಗೂ ಸೇರಿ, ಇದನ್ನ ಕಟ್ಟುನಿಟ್ಟಾಗಿ ಪಾಲಿಸಿದ್ರೆ ಅರ್ಧ ರೋಗ ವಾಸಿ. ಅಪ್ಪ ಮಕ್ಕಳ ನಡುವೆನೂ ಲೆಕ್ಕ ಲೆಕ್ಕನೇ ಅಂತಾರಲ್ಲ, ಇಲ್ಲಿ ಮುಜುಗರ ಪಟ್ಕೊಳ್ಳೋ ಹಂಗೇ ಇಲ್ಲ. ನಿಯಮ ಬರೆದು ಮಂಡಳಿ ಕೈಲಿ ಪಾಸ್ ಮಾಡಿಸಿ ಗೋಡೆಗೆ ಅಂಟಿಸಿ, ಆಗ ಕೇಳೋದು ನೀವಲ್ಲ, ಆ ಹಾಳೆ.

ನಗದಿನ ವಿಷಯಾನೂ ಹೇಳ್ತೀನಿ. ನಮ್ಮಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು, ಪೆಟ್ಟಿ ಕ್ಯಾಶಿಗೆ, ಅಂದ್ರೆ ಸಣ್ಣಪುಟ್ಟ ಖರ್ಚಿನ ನಗದಿಗೆ. ಒಂದಿನ ಸಾಯಂಕಾಲ ಐದಕ್ಕೆ, ಯಾರಿಗೂ ಮೊದಲೇ ಹೇಳದೆ, ಬೀಗ ತೆಗೆಸಿ ಎಣಿಸೋಕೆ ಕೂತೆ. ಪುಸ್ತಕದ ಪ್ರಕಾರ ಐದು ಸಾವಿರ ಇರ್ಬೇಕು. ನೋಟು ಚಿಲ್ಲರೆ ಸೇರಿ ಒಂದು ಸಾವಿರದ ಇನ್ನೂರು ಇತ್ತು, ಉಳಿದಿದ್ದು ಚೀಟಿ. ಕ್ಯಾಲೆಂಡರ್ ಹಾಳೆ ಹರಿದು ಬರೆದಿದ್ದು, "ನಾಳೆ ಕೊಡ್ತೀನಿ" ಅಂತ, ಕೆಳಗೆ ಬರೀ ಮೊದಲಕ್ಷರ. ಒಂದು ಚೀಟಿ ಎಷ್ಟು ಹಳೇದು ಅಂದ್ರೆ ಮಡಿಕೆ ಹಾಕಿದ ಜಾಗದಲ್ಲಿ ಹರಿದು ಎರಡಾಗಿತ್ತು. ಅದು ನನ್ನದೇ ಚೀಟಿ. ಖಜಾಂಚಿದು. ಯಾವಾಗ ತಗೊಂಡಿದ್ದೆ ಅಂತ ನೆನಪೇ ಇರ್ಲಿಲ್ಲ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಆಮೇಲಿಂದ ವಾರಕ್ಕೊಂದ್ಸಲ ಹೇಳದೆ ಕೇಳದೆ ಎಣಿಸೋದು, ಎಣಿಸಿದವರೂ ಇಟ್ಕೊಂಡವರೂ ಇಬ್ಬರೂ ಪುಸ್ತಕದಲ್ಲೇ ಸಹಿ ಹಾಕೋದು ಅಂತ ಮಾಡಿದ್ವಿ.

ಫೀಲ್ಡ್‌ನವಳು:
ಅಡ್ವಾನ್ಸ್ ಅಂದ್ರೆ ಎಲ್ಲಾರೂ ಫೀಲ್ಡಿನವರ ಕಡೆ ಬೆರಳು ತೋರಿಸ್ತೀರಿ ಅದಕ್ಕೆ ಒಂದು ಮಾತು. ಬಿಲ್ ಯಾಕೆ ತಡ ಆಗುತ್ತೆ ಅಂದ್ರೆ ಹತ್ತು ಜನರ ಕೆಲಸನ ನಾಲ್ಕು ಜನ ಮಾಡ್ತಿರ್ತೀವಿ. ಅಕೌಂಟ್ಸಿಗೆ ಒಬ್ರೇ, ಅವರಿಗೂ ಯಾವ ಪ್ರಾಜೆಕ್ಟಲ್ಲೂ ಪೂರ್ತಿ ಸಂಬಳ ಇಲ್ಲ, ಮೂರು ಕಡೆಯಿಂದ ಚೂರು ಚೂರು. ಬಾಡಿಗೆ, ಕರೆಂಟು, ಇಂಟರ್ನೆಟ್, ಆಡಿಟ್ ಫೀಸು ಇದನ್ನೆಲ್ಲ ಕೊಡೋಕೆ ಯಾವ ದಾನಿಗೂ ಇಷ್ಟ ಇಲ್ಲ, "ನಮ್ಮ ದುಡ್ಡು ನೇರ ಜನಕ್ಕೆ ಹೋಗ್ಬೇಕು" ಅಂತಾರೆ. ಹೋಗ್ಬೇಕಾದ್ರೆ ದಾರಿ ಬೇಕಲ್ವಾ, ಆ ದಾರಿಗೆ ಖರ್ಚಿಲ್ವಾ?

ಕೊಡುವಕೈ:
ಇದಂತೂ ನೂರಕ್ಕೆ ನೂರು ನಿಜ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತೆ ಡಾನ್ ಹೊವರ್ಡ್ ಇದಕ್ಕೆ ಹಸಿವಿನ ಚಕ್ರ ಅನ್ನೋ ಅರ್ಥದ ಹೆಸರು ಕೊಟ್ಟು ಬರೆದ್ರು. ದಾನಿಗಳು ಆಡಳಿತ ಖರ್ಚು ಬಹಳ ಕಮ್ಮಿ ಇರ್ಬೇಕು ಅಂತ ಬಯಸ್ತಾರೆ, ಸಂಸ್ಥೆಗಳು ಕೆಲಸ ಕೈತಪ್ಪುತ್ತೆ ಅಂತ ಹೆದರಿ ನಿಜವಾದ ಖರ್ಚನ್ನ ಕಮ್ಮಿ ತೋರಿಸ್ತಾವೆ, ಅದನ್ನ ನೋಡಿ ದಾನಿಗಳು ಇನ್ನೂ ಕಮ್ಮಿ ಸಾಕು ಅಂದ್ಕೋತಾರೆ. ಪ್ರತಿ ಸುತ್ತಿಗೂ ಸಂಸ್ಥೆ ಒಳಗೊಳಗೇ ಬಡಕಲಾಗ್ತಾ ಹೋಗುತ್ತೆ. 2013ರಲ್ಲಿ ಅಮೆರಿಕದಲ್ಲಿ ಸಂಸ್ಥೆಗಳ ಬಗ್ಗೆ ಮಾಹಿತಿ ಕೊಡೋ, ರೇಟಿಂಗ್ ಮಾಡೋ ಮೂರು ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದು ಬರೀ ಓವರ್‌ಹೆಡ್, ಅಂದ್ರೆ ಆಡಳಿತ ಖರ್ಚಿನ ಶೇಕಡಾವಾರು ನೋಡಿ ಸಂಸ್ಥೆನ ಅಳೀಬೇಡಿ ಅಂದ್ರು. ಅಲ್ಲಿನ ಕೇಂದ್ರ ಸರ್ಕಾರದ ಅನುದಾನಗಳಲ್ಲಿ ಮೊದಲೇ ದರ ಮಾತಾಡ್ಕೊಳ್ಳದ ಸಂಸ್ಥೆಗೂ ಬಾಡಿಗೆ ಕರೆಂಟಿನಂಥ ಪರೋಕ್ಷ ಖರ್ಚಿಗೆ ಅಂತ 10 ಶೇಕಡಾ ತಗೊಳ್ಳೋ ಅವಕಾಶ ಇತ್ತು, 2024ರ ಅಕ್ಟೋಬರಿಂದ ಅದನ್ನ 15ಕ್ಕೆ ಏರಿಸಿದ್ರು. ನಮ್ಮ ಪ್ರತಿಷ್ಠಾನದಲ್ಲಿ ಇನ್ನೂ 5ರ ಮೇಲೆ ಹೋಗಿಲ್ಲ. ಪ್ರತಿ ಮೀಟಿಂಗಲ್ಲೂ ಎತ್ತುತೀನಿ, ಎತ್ತುತಾನೇ ಇರ್ತೀನಿ.

ಹೊಸಬ:
ನಾನು ಸಂಸ್ಥೆಯವನಲ್ಲ, ತಿಂಗಳಾ ಸ್ವಲ್ಪ ಸ್ವಲ್ಪ ಕೊಡೋ ಸಾಮಾನ್ಯ ಮನುಷ್ಯ. ಓವರ್‌ಹೆಡ್ ಕೇಳ್ಬೇಡಿ ಅಂದ್ರೆ ನಮ್ಮಂಥವರು ಇನ್ನೇನನ್ನ ಕೇಳ್ಬೇಕು? ಅಮೆರಿಕದ ಯುನೈಟೆಡ್ ವೇ ಅನ್ನೋ ದೊಡ್ಡ ದಾನಸಂಸ್ಥೆ ಕಥೆ ಓದಿದೀನಿ, ವಿಲಿಯಂ ಅರಮೊನಿ ಅಂತ ಇಪ್ಪತ್ತು ವರ್ಷಕ್ಕೂ ಮೇಲೆ ಅದರ ಮುಖ್ಯಸ್ಥರಾಗಿದ್ದವರು, ಸಂಸ್ಥೆ ದುಡ್ಡಲ್ಲಿ ಐಷಾರಾಮ ಮಾಡಿದ್ರು ಅಂತ 1992ರಲ್ಲಿ ಹೊರಗೆ ಬಂದು ರಾಜೀನಾಮೆ ಕೊಟ್ರು, 1995ರಲ್ಲಿ ವಂಚನೆ ಸಾಬೀತಾಗಿ ಏಳು ವರ್ಷ ಜೈಲು ಶಿಕ್ಷೆ ಆಯ್ತು. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಅನ್ನೋ ಹಂಗಾಗ್ಬಾರ್ದಲ್ಲ ಅಂತ ಭಯ ಅಷ್ಟೇ.

ಆಡಿಟ್‌ಬ್ಯಾಗ್:
ಒಳ್ಳೇ ಪ್ರಶ್ನೆ. ಇದನ್ನ ಕೇಳಿ: ಕಳೆದ ಆಡಿಟ್ ವರದಿ ಟಿಪ್ಪಣಿಗಳ ಸಮೇತ ಪೂರ್ತಿ ಕೊಡ್ತೀರಾ? ಚೆಕ್ಕಿಗೆ ಎಷ್ಟು ಜನ ಸಹಿ ಹಾಕ್ತಾರೆ, ಅವರಲ್ಲಿ ಸಂಬಂಧಿಕರಿದಾರಾ? ಆಡಳಿತ ಮಂಡಳಿ ವರ್ಷಕ್ಕೆ ಎಷ್ಟು ಸಲ ಸೇರುತ್ತೆ? ಮಂಡಳಿ ಸದಸ್ಯರ ಮನೆಯವರಿಂದ ಸಂಸ್ಥೆ ಏನಾದ್ರೂ ಕೊಂಡ್ಕೊಂಡಿದ್ಯಾ, ಬಾಡಿಗೆಗೆ ತಗೊಂಡಿದ್ಯಾ? ಶೇಕಡಾ ಎಷ್ಟು ಅನ್ನೋದನ್ನ ಯಾರು ಬೇಕಾದ್ರೂ ಚೆಂದ ಮಾಡಿ ತೋರಿಸಬಹುದು, ಮ್ಯಾನೇಜರ್ ಸಂಬಳನ ಕಾರ್ಯಕ್ರಮದ ಖರ್ಚಿಗೆ ಹಾಕಿದ್ರೆ ಓವರ್‌ಹೆಡ್ ತಾನಾಗೇ ಇಳಿಯುತ್ತೆ. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದ್ರೆ ನಿಮ್ಮ ದುಡ್ಡು ಬಹುಮಟ್ಟಿಗೆ ಸರಿಯಾದ ಕೈಲಿದೆ.

ಮಂಡಳಿಸದಸ್ಯ:
ತಪ್ಪೊಪ್ಪಿಗೆ ಅಂತಲೇ ತಿಳ್ಕೊಳ್ಳಿ. ಆರು ವರ್ಷದಿಂದ ಒಂದು ಸಂಸ್ಥೆ ಮಂಡಳಿಲಿದೀನಿ, ಮೊದಲ ನಾಲ್ಕು ವರ್ಷ ಹಣಕಾಸಿನ ಪಟ್ಟಿ ಬಂದಾಗ ಕೊನೇ ಪುಟ ತಿರುಗಿಸಿ ಸಹಿ ಹಾಕ್ತಿದ್ದೆ. ನಂಗೆ ಲೆಕ್ಕ ಬರಲ್ಲ, ಅದನ್ನ ನೋಡೋರು ಬೇರೆ ಇದಾರೆ ಅಂತ. ಬ್ರಿಟನ್ನಿನ ಕಿಡ್ಸ್ ಕಂಪನಿ ಬಗ್ಗೆ ಓದಿದ ಮೇಲೆ ಕಣ್ಣು ತೆರೀತು. ಕಷ್ಟದಲ್ಲಿರೋ ಮಕ್ಕಳಿಗಾಗಿ 1996ರಲ್ಲಿ ಶುರುವಾದ ಸಂಸ್ಥೆ, ಬಂದ ಮಕ್ಕಳನ್ನ ಇಲ್ಲ ಅಂತ ವಾಪಸ್ ಕಳಿಸ್ತಿರ್ಲಿಲ್ಲ. ಆದ್ರೆ ಕೈಲಿ ಆಪತ್ತಿಗೆ ಅಂತ ಇಟ್ಕೊಂಡಿದ್ದ ನಿಧಿ ತೀರಾ ಕಮ್ಮಿ, ಹೆಚ್ಚು ಕಡಿಮೆ ಬಂದಿದ್ದೆಲ್ಲ ಬಂದಹಾಗೆ ಖರ್ಚು. 2015ರ ಜುಲೈ ಕೊನೆಗೆ ಸರ್ಕಾರದಿಂದ 30 ಲಕ್ಷ ಪೌಂಡ್ ಬಂತು, ಆಗಸ್ಟ್ ಮೊದಲ ವಾರದಲ್ಲೇ ಬಾಗಿಲು ಹಾಕ್ತು. 2021ರಲ್ಲಿ ಹೈಕೋರ್ಟು ಟ್ರಸ್ಟಿಗಳನ್ನ ಅನರ್ಹ ಮಾಡೋ ಅರ್ಜಿ ತಳ್ಳಿಹಾಕ್ತು, ಅವರ ಪ್ರಾಮಾಣಿಕತೆ ಬಗ್ಗೆ ಪ್ರಶ್ನೆ ಇರ್ಲಿಲ್ಲ. ಆದ್ರೆ 2022ರಲ್ಲಿ ಅಲ್ಲಿ ಇಂಥ ಸಂಸ್ಥೆಗಳ ಮೇಲೆ ಕಣ್ಣಿಡೋ ಚಾರಿಟಿ ಕಮಿಷನ್ ತನ್ನ ವರದಿಲಿ, ಸ್ವಂತ ಕೆಲಸಗಾರರಿಗೂ ತೆರಿಗೆ ಇಲಾಖೆಗೂ ಮತ್ತೆ ಮತ್ತೆ ಟೈಮಿಗೆ ಸರಿಯಾಗಿ ದುಡ್ಡು ಕೊಟ್ಟಿಲ್ಲ, ಇದು ಆಡಳಿತದ ಲೋಪ ಅಂತ ಬರೀತು.

ಲೆಕ್ಕದಮನೆ ಅವರೇ, ಸಂಬಳಕ್ಕೆ ದುಡ್ಡಿಲ್ಲ ಅಂತ ಮಂಡಳಿಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ಮೊದಲು ಆ ಕೆಲಸ. ಕಷ್ಟದ ದಿನ ಮಂಡಳಿ ಕೂರದೆ ಇನ್ಯಾವಾಗ ಕೂರೋದು. ಮುಂದೆ ಒಂದು ಮೂರು ತಿಂಗಳ ಖರ್ಚಿನಷ್ಟಾದ್ರೂ ಕಟ್ಟಿಲ್ಲದ ಸ್ವಂತ ನಿಧಿ ಕೂಡಿಸ್ತೀವಿ ಅಂತ ಮಂಡಳಿ ಗುರಿ ಇಟ್ಕೊಳ್ಳಲೇಬೇಕು, ಅದಿಲ್ದೆ ಇದು ವರ್ಷಾ ವರ್ಷಾ ಬರೋ ಜ್ವರ.

ಫೀಲ್ಡ್‌ನವಳು:
ಇಷ್ಟು ಹೊತ್ತು ಎಲ್ಲರೂ ಮೇಲಿನವರಿಗೆ ಕೊಡೋ ಲೆಕ್ಕದ ಬಗ್ಗೆನೇ ಮಾತಾಡಿದ್ವಿ, ದಾನಿಗೆ, ಮಂಡಳಿಗೆ, ಆಡಿಟರಿಗೆ. ಆ ನೀರು ಕುಡೀಬೇಕಾದವರಿಗೆ ಯಾರು ಲೆಕ್ಕ ಹೇಳ್ತಾರೆ? ಪೈಪಿಗೆ ಅಂತ ದುಡ್ಡು ಬಂದಿದೆ ಅಂತ ಅವರಿಗೆ ಗೊತ್ತಾದ್ರೂ ಇದ್ಯಾ?

ನಾವು ಒಂದು ಕಡೆ ಸಮುದಾಯದ ಕಟ್ಟಡದ ಗೋಡೆ ಮೇಲೆ ಸುಣ್ಣ ಬಳಿದು ಕಪ್ಪು ಬಣ್ಣದಲ್ಲಿ ಲೆಕ್ಕ ಬರೆಸಿದ್ವಿ, ಒಟ್ಟು ಎಷ್ಟು ಬಂತು, ಎಷ್ಟು ಪೈಪ್, ಕೂಲಿ ಎಷ್ಟು. ಓದೋಕೆ ಬರದವರಿಗೆ ಅಂತ ಗಟ್ಟಿಯಾಗಿ ಓದಿ ಹೇಳಿದೆ. ನಲವತ್ತು ಪೈಪ್ ಅಂದ ತಕ್ಷಣ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು "ಮೂವತ್ತಾರು" ಅಂದ್ರು. ಎಲ್ಲಾರೂ ತಿರುಗಿ ನೋಡಿದ್ರು. ಗಾಡಿಯಿಂದ ಇಳಿಸುವಾಗ ಅವರ ಬಾಗಿಲ ಮುಂದೆನೇ ಇಳಿಸಿದ್ದಂತೆ, ದಾರಿಗೆ ಅಡ್ಡ ಇಟ್ರಲ್ಲ ಅಂತ ಸಿಟ್ಟಲ್ಲಿ ಎಣಿಸಿದ್ರಂತೆ. ಬಿಲ್ ಸರಿ ಇತ್ತು, ಸಹಿ ಸರಿ ಇತ್ತು, ಆಡಿಟಲ್ಲಿ ಪಾಸೂ ಆಗಿತ್ತು. ನಾಲ್ಕು ಪೈಪ್ ಬಂದೇ ಇರ್ಲಿಲ್ಲ. ಸಪ್ಲೈ ಮಾಡಿದವರನ್ನ ಕೇಳಿದ್ವಿ, ಮರುಮಾತಿಲ್ಲದೆ ತಂದು ಹಾಕಿದ್ರು.

ಉಗಾಂಡಾದಲ್ಲಿ ಹಿಂಗೇ ಆಗಿತ್ತಂತೆ, ಅದು ಸರ್ಕಾರದ ದುಡ್ಡು ಆದ್ರೂ ಪಾಠ ಒಂದೇ. 1991ರಿಂದ 95ರವರೆಗೆ ಶಾಲೆಗಳಿಗೆ ಅಂತ ಬಿಟ್ಟ ಅನುದಾನದಲ್ಲಿ ಸರಾಸರಿ 13 ಶೇಕಡಾ ಮಾತ್ರ ಶಾಲೆ ತಲುಪ್ತಿತ್ತು ಅಂತ ರೀನಿಕಾ, ಸ್ವೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ರು. ಆಮೇಲೆ ಎಷ್ಟು ದುಡ್ಡು ಬಿಟ್ಟಿದೀವಿ ಅಂತ ಸರ್ಕಾರ ಪೇಪರಲ್ಲಿ ಹಾಕೋಕೆ ಶುರು ಮಾಡ್ತು, 2001ರ ಹೊತ್ತಿಗೆ 80ರ ಮೇಲೆ ತಲುಪೋಕೆ ಶುರುವಾಯ್ತು.

ಆಡಿಟ್‌ಬ್ಯಾಗ್:
ಆ ಅಜ್ಜಿ ಮುಂದೆ ನನ್ನ ಹದಿನಾಲ್ಕು ವರ್ಷದ ಅನುಭವ ಏನೂ ಅಲ್ಲ, ಮನಸಾರೆ ಹೇಳ್ತಿದೀನಿ. ಆದ್ರೆ ಉಗಾಂಡಾದ ಸುಧಾರಣೆಗೆ ಪೇಪರ್ ಒಂದೇ ಕಾರಣ ಅಲ್ಲ, ಜೊತೆಲಿ ಬೇರೆ ಬದಲಾವಣೆಗಳೂ ನಡೀತಿದ್ವು ಅಂತ ಆಮೇಲೆ ವಾದ ಆಗಿದೆ. ಇನ್ನೊಂದು ಕಡೆ ಇಂಡೋನೇಷ್ಯಾದಲ್ಲಿ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕೆಲಸದ ಮೇಲೆ ಬೆಂಜಮಿನ್ ಓಲ್ಕನ್ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದ್ರು. ಬಿಲ್ ನೋಡಿ ಬಿಟ್ಟಿಲ್ಲ, ಎಂಜಿನಿಯರುಗಳನ್ನ ಕಳಿಸಿ ರಸ್ತೆನ ಅಲ್ಲಲ್ಲಿ ಅಗೆಸಿ ಒಳಗೆ ನಿಜವಾಗಿ ಎಷ್ಟು ಕಲ್ಲು ಮರಳು ಇದೆ ಅಂತ ಅಳೆಸಿದಾರೆ. ಆಡಿಟ್ ಆಗೋ ಸಂಭವ 4 ಶೇಕಡಾ ಇದ್ದಿದ್ದನ್ನ ಖಚಿತ ಆಗೇ ಆಗುತ್ತೆ ಅಂತ ಮಾಡಿದಾಗ ಲೆಕ್ಕಕ್ಕೆ ಸಿಗದ ಖರ್ಚು 8 ಶೇಕಡಾ ಅಂಶದಷ್ಟು ಇಳೀತು. ಬರೀ ಊರವರನ್ನ ಸಭೆಗೆ ಹೆಚ್ಚು ಕರೆದಾಗ ಸರಾಸರಿ ಅಷ್ಟೇನೂ ಬದಲಾಗ್ಲಿಲ್ಲ, ಕೂಲಿ ದುಡ್ಡಿನ ಸೋರಿಕೆ ಕಮ್ಮಿ ಆಯ್ತು, ಸಾಮಾನಿನದ್ದು ಆಗ್ಲಿಲ್ಲ. ಕೂಲಿ ತನ್ನ ಕೈಗೆ ಬರೋ ದುಡ್ಡು, ಅದಕ್ಕೆ ಕೇಳ್ತಾರೆ. ಕಲ್ಲು ಎಲ್ಲರದ್ದು, ಎಲ್ಲರದ್ದಂದ್ರೆ ಯಾರೂ ಕೇಳಲ್ಲ.

ಹಂಗಾಗಿ ಎರಡೂ ಬೇಕು. ವಂಚನೆ ತನಿಖೆ ಮಾಡೋರ ಅಂತಾರಾಷ್ಟ್ರೀಯ ಸಂಘ ಎಸಿಎಫ್‌ಇ 2024ರಲ್ಲಿ ಕೊಟ್ಟ ವರದಿ ಪ್ರಕಾರ ಹೊರಗೆ ಬಂದ ಪ್ರಕರಣಗಳಲ್ಲಿ 43 ಶೇಕಡಾ ಗೊತ್ತಾಗಿದ್ದೇ ಯಾರೋ ಸುಳಿವು ಕೊಟ್ಟಿದ್ರಿಂದ, ಆ ಸುಳಿವಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕೆಲಸ ಮಾಡೋರು ಕೊಟ್ಟಿದ್ದು. ಆದ್ರಿಂದ ಫೀಲ್ಡಿನವರೂ ಅಕೌಂಟ್ಸಿನವರೂ ಹೆದರದೆ ಹೇಳೋಕೆ ಒಂದು ಜಾಗ ಇರ್ಲೇಬೇಕು, ಡೈರೆಕ್ಟರ್ ಮೇಲೇ ದೂರಿದ್ರೆ ನೇರ ಮಂಡಳಿ ಅಧ್ಯಕ್ಷರಿಗೆ ತಲುಪೋ ಹಂಗೆ.

ಲೆಕ್ಕದಮನೆ:
ಎರಡು ದಿನ ಬರೋಕಾಗ್ಲಿಲ್ಲ ಕ್ಷಮಿಸಿ. ಆಡಿಟ್‌ಬ್ಯಾಗ್ ಸರ್ ಹೇಳಿದ ಹಾಳೆ ಬರೆದೆ. ಮೂರು ವರ್ಷದ ಲೆಡ್ಜರ್ ಹರವಿಕೊಂಡು ರಾತ್ರಿ ಎರಡರವರೆಗೆ ಕೂತೆ. ಮೂರು ದಾನಿಗಳ ಕೆಲಸಕ್ಕೆ ಉಳಿದಿರ್ಬೇಕಾದ್ದು 14 ಲಕ್ಷ 10 ಸಾವಿರ. ಬ್ಯಾಂಕಲ್ಲೂ ನಗದಲ್ಲೂ ಸೇರಿ ಇರೋದು 11 ಲಕ್ಷ 40 ಸಾವಿರ. ಎರಡನೇ ಸಲ ಕೂಡಿದೆ, ಮೂರನೇ ಸಲ ಕೂಡಿದೆ, ಅದೇ ಬಂತು. 2 ಲಕ್ಷ 70 ಸಾವಿರ ಇಲ್ಲ. ಓದಿನ ಕಂತು ಬಂದ್ರೂ ತುಂಬಲ್ಲ, ಅದೂ ಕಟ್ಟಿನ ದುಡ್ಡೇ ಅಲ್ವಾ.

ಎಲ್ಲಿಗೆ ಹೋಯ್ತು ಅಂತ ಒಂದೊಂದೇ ಹುಡುಕಿದೆ. ಬಹುಪಾಲು ಆಫೀಸ್ ಬಾಡಿಗೆ, ಬಜೆಟಲ್ಲಿ ಯಾರೂ ಕೊಡದೆ ಇದ್ದ ತಿಂಗಳುಗಳದ್ದು. ಇನ್ನೊಂದಿಷ್ಟು ಹಳೇ ದಾನಿ ಒಬ್ಬರು ಒಪ್ಪದ ಖರ್ಚು, ಕೊಟೇಶನ್ ತಗೊಂಡಿಲ್ಲ ಅಂತ. ಉಳಿದಿದ್ದು ಆ ಅಡ್ವಾನ್ಸುಗಳು. ಯಾರೂ ತಿಂದಿಲ್ಲ ಅಂತ ಸಮಾಧಾನ ಆಯ್ತು, ಆಮೇಲೆ ಆ ಸಮಾಧಾನಕ್ಕೇ ಭಯ ಆಯ್ತು. ಹಳೇಖಜಾಂಚಿ ಅಣ್ಣ ಹೇಳಿದ ಕಥೆ ನಮ್ಮಲ್ಲಿ ಆಗಲೇ ಅರ್ಧ ನಡೆದುಹೋಗಿದೆ.

ಬೆಳಿಗ್ಗೆ ಸರ್ ಮುಂದೆ ಹಾಳೆ ಇಟ್ಟೆ. ಬಹಳ ಹೊತ್ತು ಮಾತಾಡ್ಲಿಲ್ಲ. "ಇದು ನಂಗೆ ಗೊತ್ತಿರ್ಲಿಲ್ಲ" ಅಂದ್ರು. ಆಮೇಲೆ ಅವರೇ ಫೋನ್ ತಗೊಂಡು ಮಂಡಳಿ ಅಧ್ಯಕ್ಷರಿಗೆ ಹಚ್ಚಿದ್ರು.

ಮಂಡಳಿಸದಸ್ಯ:
ಆ ಫೋನ್ ಮಾಡಿದ್ರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ.

ಕೊಡುವಕೈ:
ದಾನಿಗಳಿಗೆ ಹೇಳುವಾಗ ಮೂರನ್ನೂ ಒಟ್ಟಿಗೆ ಕಳಿಸಿ, ಆಗಿರೋದು ಇಷ್ಟು, ಕಾರಣ ಇದು, ತುಂಬೋ ದಾರಿ ಹಿಂಗೆ ಅಂತ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಮುಚ್ಚಿಡಬೇಡಿ, ನಾವು ನಾವು ಮಾತಾಡ್ಕೋತೀವಿ. ಹೊಸ ಪ್ರಸ್ತಾವನೆ ಬರೆಯುವಾಗ ಬಾಡಿಗೆನೂ ನಿಮ್ಮ ಸಂಬಳನೂ ಪೂರ್ತಿ ಹಾಕಿ, ಹೆದರಬೇಡಿ.

ಲೆಕ್ಕದಮನೆ:
ಕೊನೇ ಸುದ್ದಿ. ಮಂಡಳಿ ತುರ್ತಾಗಿ ಸೇರ್ತು, ನನ್ನನ್ನೂ ಒಳಗೆ ಕೂರಿಸ್ಕೊಂಡ್ರು. ಮೂರೂ ದಾನಿಗಳಿಗೆ ಪತ್ರ ಹೋಗಿದೆ. ನೀರಿನ ದಾನಿಗಳು ಮಾರನೇ ದಿನವೇ ಉತ್ತರ ಕೊಟ್ರು, ನಲವತ್ತೈದು ದಿನಕ್ಕೆ, ಒಂದು ತಿಂಗಳ ಸಂಬಳದಷ್ಟು ಮಾತ್ರ, ಬರವಣಿಗೆಲಿ ಒಪ್ಪಿಗೆ. ಆರೋಗ್ಯದವರು ಸಿಟ್ಟಾಗಿದಾರೆ, ಹೊರಗಿನ ಆಡಿಟರನ್ನ ಕಳಿಸ್ತೀವಿ ಅಂದಿದಾರೆ, ಕಳಿಸ್ಲಿ. ಓದಿನವರಿಂದ ಇನ್ನೂ ಏನೂ ಇಲ್ಲ. ಕೊರತೆ ತುಂಬೋಕೆ ಹದಿನೆಂಟು ತಿಂಗಳ ಪ್ಲಾನ್, ಅದರಲ್ಲಿ ಮೊದಲು ಹಾಕಿದ್ದು ಆಫೀಸನ್ನ ಸಣ್ಣ ಜಾಗಕ್ಕೆ ಬದಲಾಯಿಸೋದು. ಹಳೇ ಅಡ್ವಾನ್ಸ್ ಇದ್ದವರು, ನಾನು ಮುಜುಗರ ಪಟ್ಟಿದ್ದೆನಲ್ಲ, ನಿನ್ನೆ ಒಂದು ಪ್ಲಾಸ್ಟಿಕ್ ಕವರ್ ತುಂಬ ಬಿಲ್ ತಂದು ಟೇಬಲ್ ಮೇಲೆ ಸುರಿದು "ನೀನು ಒಂದ್ಸಲನೂ ಕೇಳ್ಲಿಲ್ವಲ್ಲಮ್ಮ" ಅಂದ್ರು. ಇನ್ನೂ ವಿಂಗಡಿಸ್ತಾ ಇದೀನಿ, ಕೆಲವು ಮಸಿ ಹಾರಿ ಓದೋಕೇ ಆಗ್ತಿಲ್ಲ.

ಏಳು ಜನಕ್ಕೂ ಸಂಬಳ ಎರಡು ದಿನ ತಡವಾಗಿ ಹೋಯ್ತು. ಅದೇ ವೋಚರ್, ಬೇರೆ ಬರೀಲಿಲ್ಲ, ದಿನಾಂಕ ಮಾತ್ರ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದೆ. ವಿವರದ ಜಾಗದಲ್ಲಿ "ನೀರಿನ ನಿಧಿಯಿಂದ ಓದಿನ ಪ್ರಾಜೆಕ್ಟಿಗೆ ತಾತ್ಕಾಲಿಕ, ದಾನಿಗಳ ಒಪ್ಪಿಗೆ ಪತ್ರ ಲಗತ್ತು, ಮಂಡಳಿ ಠರಾವು ಲಗತ್ತು, ವಾಪಸ್ ಹಾಕಬೇಕಾದ ದಿನಾಂಕ" ಅಂತ ಬರೆದು ದಿನಾಂಕ ಹಾಕಿದೆ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯ್ತು.